ಮಾರ್ಗಮೀಮಾಂಸೆ: ದಾರಿ ಕೇಳುವ ಶಾಸ್ತ್ರ, ಷಟ್ಪ್ರಮಾಣ ಸಹಿತ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಬಸ್ಸಿನಿಂದಿಳಿದು, ಬ್ಯಾಗು ಹೆಗಲಿಗೇರಿಸಿ, ಎಡವೋ ಬಲವೋ ತಿಳಿಯದೆ ಸ್ಟ್ಯಾಂಡಿನ ಬಾಗಿಲಲ್ಲಿ ನಿಂತವನೇ ಇಲ್ಲಿ ಅಧಿಕಾರಿ. ಹೊಸ ಊರಿನ ದಾರಿಯೇ ವಿಷಯ. ಕತ್ತಲಾಗುವುದರೊಳಗೆ ರೂಮು ಹಿಡಿದು ಎರಡು ಚೊಂಬು ಬಿಸಿನೀರು ಸುರಿದುಕೊಳ್ಳುವುದೇ ಪ್ರಯೋಜನ. ಇವುಗಳ ನಡುವಿನ ಸಂಬಂಧವನ್ನು ಆಟೋದವರು ವಿವರಿಸುತ್ತಾರೆ. ಮೀಟರಿನ ಮೇಲೆ ಒಂದೂವರೆ ಪಟ್ಟು.

ಸರಿಯಾದ ಜ್ಞಾನಕ್ಕೆ ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ; ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರನ್ನು. ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಸಾಕು. ಈಗ ಇದ್ದಿದ್ದರೆ ಅವರು ಮೊಬೈಲ್ ಮ್ಯಾಪನ್ನಷ್ಟೇ ನಂಬಿ ಹೊರಡುತ್ತಿದ್ದರು. ಕರ್ನಾಟಕದಲ್ಲಿ ಓಡಾಡುವವನಿಗೆ ಆರೂ ಬೇಕು.

೧. ಪ್ರತ್ಯಕ್ಷಾಧಿಕರಣ
ಸೂತ್ರ: ಕಂಡದ್ದೆಲ್ಲ ಮುಟ್ಟುವಂಥದ್ದಲ್ಲ.

ಭಾಷ್ಯ: ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಪಕ್ಕದ ಹೊಳೆ ದಂಡೆಗೆ ಹೋಗಿ ನಿಂತರೆ ತುಂಗಭದ್ರೆಯ ಆಚೆ ದಡ ಕಣ್ಣೆದುರೇ ಇದೆ. ಅಲ್ಲಿ ಬಂಡೆಯ ಮೇಲೆ ಒಣಹಾಕಿದ ಲುಂಗಿಯ ಚೌಕಳಿಯೂ ಕಾಣುತ್ತದೆ. ದೋಣಿ ಇದ್ದರೆ ಕೆಲವೇ ನಿಮಿಷ. ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಏರಿದರೆ ದೋಣಿ ಬಂದ್. ಆಮೇಲೆ ಸೇತುವೆ ಹುಡುಕಿಕೊಂಡು ಕಿಲೋಮೀಟರುಗಟ್ಟಲೆ ಸುತ್ತಬೇಕು. ಆಚೆ ದಡದಲ್ಲಿ ರೂಮು ಮಾಡಿದವರು ಕೊನೇ ದೋಣಿ ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ವಿಚಾರಿಸಿಕೊಳ್ಳತಕ್ಕದ್ದು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಗುಡ್ಡ ಹತ್ತಿದರೂ ಬೆಟ್ಟಸಾಲುಗಳ ನಡುವೆ ಊರು ಪೂರ್ತಿ ಕಾಣಲಿಲ್ಲವೆಂದು ಬರೆದಿಟ್ಟಿದ್ದಾನೆ. ಅವನಿಗೇ ಹೀಗಾದ ಮೇಲೆ ಬೆಳಿಗ್ಗೆ ಬಂದು ಸಂಜೆ ಬಸ್ ಹತ್ತುವವರ ಪಾಡೇನು?

ನಂಬಬಹುದಾದ ಪ್ರತ್ಯಕ್ಷವೆಂದರೆ ಮೈಲಿಗಲ್ಲು. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿಯ ರಸ್ತೆ. ಹಳದಿ ನೋಡುತ್ತ ಹೊರಟವನಿಗೆ ನಡುವೆ ಕಿತ್ತಳೆ ಕಂಡರೆ ಗಾಡಿ ಪಕ್ಕಕ್ಕೆ ಹಾಕಿ ಮುಂದಿನ ಅಧಿಕರಣಗಳ ಮೊರೆ ಹೋಗುವುದು. ಮ್ಯಾಪಿನ ನೀಲಿ ಚುಕ್ಕೆ ಪ್ರತ್ಯಕ್ಷವೋ ಭ್ರಾಂತಿಯೋ ಎಂಬ ವಿವಾದ ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಹೋದೊಡನೆ ತಾನಾಗಿ ಇತ್ಯರ್ಥವಾಗುತ್ತದೆ. ಮನೆಯಲ್ಲೇ ನಕ್ಷೆ ಡೌನ್‌ಲೋಡ್ ಮಾಡಿಕೊಂಡವರು ಈ ವಾದಕ್ಕೆ ಬರಬೇಕಿಲ್ಲ.

೨. ಅನುಮಾನಾಧಿಕರಣ
ಸೂತ್ರ: ಹೊಗೆಯಿಂದ ಬೆಂಕಿ, ಲಾರಿಯಿಂದ ಊಟ.

ಭಾಷ್ಯ: ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ತಾರ್ಕಿಕರು ಸಾಧಿಸುತ್ತಾರೆ. ಹೆದ್ದಾರಿ ಬದಿಯಲ್ಲಿ ಸಾಲು ಲಾರಿ ಕಂಡರೆ ಬಿಸಿ ಊಟ ಇದೆಯೆಂದು ನಾವು. ಇದು ಹೇತ್ವಾಭಾಸ, ಪಂಕ್ಚರ್ ಅಂಗಡಿಯೆದುರೂ ಲಾರಿ ನಿಲ್ಲುತ್ತದೆ. ಬಸ್ಸು ನಿಂತ ಹೋಟೆಲಿನ ಊಟ ಚೆನ್ನಾಗಿರುತ್ತದೆಂಬ ಅನುಮಾನವೂ ಹಾಗೆಯೇ. ಡ್ರೈವರ್ ಕಂಡಕ್ಟರರು ಒಳಕೋಣೆಯಲ್ಲಿ ಉಣ್ಣುತ್ತಿದ್ದರೆ, ಹೊರಗಿನ ಬೆಂಚಿನವರು ಬಾಳೆಹಣ್ಣು ಕೊಂಡು ಬಸ್ಸಿಗೆ ಮರಳುವುದು ಶಾಸ್ತ್ರಸಮ್ಮತ. ಬೋರ್ಡಿನಲ್ಲಿ ‘ತಡೆರಹಿತ’ ಎಂದಿದೆ, ಆದ್ದರಿಂದ ಬಸ್ಸು ಎಲ್ಲೂ ನಿಲ್ಲದು ಎಂಬವರಿಗೆ ಉತ್ತರ ಕೊಡುವುದು ನಮ್ಮ ಕೆಲಸವಲ್ಲ. ಮುಂದಿನ ಸ್ಟಾಪು ಕೊಡುತ್ತದೆ.

೩. ಉಪಮಾನಾಧಿಕರಣ
ಸೂತ್ರ: ಗವಯ ಹಸುವಿನಂತೆ, ಗಿರ್ಮಿಟ್ ಚುರುಮುರಿಯಂತೆ.

ಭಾಷ್ಯ: ಕಾಡಿಗೆ ಹೊರಟ ಪಟ್ಟಣಿಗನಿಗೆ ಗವಯ ಹಸುವಿನ ಹಾಗಿರುತ್ತದೆಂದು ಹೇಳಿ ಕಳಿಸಿದರಂತೆ. ಹುಬ್ಬಳ್ಳಿಗೆ ಹೊರಟ ಬೆಂಗಳೂರಿಗನಿಗೆ ಗಿರ್ಮಿಟ್ ನಿಮ್ಮ ಚುರುಮುರಿ ಥರಾನೇ ಎಂದು ಹೇಳಿ ಕಳಿಸುತ್ತಾರೆ. ಅವನು ಹೋಗಿ ನೋಡಿದರೆ ಮಂಡಕ್ಕಿಗೆ ಹುಣಸೆ, ಬೆಲ್ಲ, ಈರುಳ್ಳಿ ಹಾಕಿ ಕುದಿಸಿದ ಗೊಜ್ಜು ಕಲಸಿದೆ, ಮೇಲೆ ಪುಠಾಣಿ ಹಿಟ್ಟು ಉದುರಿಸಿದೆ, ಪಕ್ಕದಲ್ಲಿ ಮಿರ್ಚಿ ಭಜಿ ಹೊಗೆಯಾಡುತ್ತಿದೆ. ಒಂದು ಊರನ್ನು ಇನ್ನೊಂದು ಊರಿನ ತಟ್ಟೆಯಲ್ಲಿ ಅಳೆಯಬಾರದೆಂಬುದು ಇಲ್ಲಿಯ ನಿರ್ಣಯ. ಎರಡನೇ ಪ್ಲೇಟು ಹೇಳುವುದಕ್ಕೆ ನಿಷೇಧವಿಲ್ಲ.

೪. ಶಬ್ದಾಧಿಕರಣ
ಸೂತ್ರ: ಗೊತ್ತಿಲ್ಲವೆಂಬ ಉತ್ತರ ಲೋಕದಲ್ಲಿಲ್ಲ.

ಭಾಷ್ಯ: ದಾರಿ ಕೇಳಿದವನಿಗೆ ಗೊತ್ತಿಲ್ಲ ಎನ್ನುವುದು ನೀರು ಕೇಳಿದವನನ್ನು ಹಾಗೇ ಕಳಿಸಿದಂತೆ. ಆದ್ದರಿಂದ ‘ಈ ದಾರಿ ಐಹೊಳೆಗೆ ಹೋಗುತ್ತಾ?’ ಎಂದು ಕೇಳಬಾರದು. ಹೋಗುತ್ತದೆ ಎಂಬ ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟಿದ್ದೀರಿ. ಅವರು ಮರ್ಯಾದಸ್ಥರು, ಉಗುಳುವುದಿಲ್ಲ. ‘ಐಹೊಳೆಗೆ ಯಾವ ದಾರಿ?’ ಎಂದು ಕೇಳಿ ಬಾಯಿ ಮುಚ್ಚಿಕೊಂಡಿರಬೇಕು. ಬಾದಾಮಿಯ ಕಟ್ಟೆಯೊಂದರಲ್ಲಿ ಭಾಷ್ಯಕಾರನು ಕಿವಿಯಾರೆ ಕೇಳಿದ ಸಂವಾದವಿದು:

“ಅಜ್ಜಾರ, ಮಹಾಕೂಟಕ್ಕ ಯಾವ ದಾರಿರೀ?”

“ನೀಟ ಹೋಗ್ರಿ. ಇಲ್ಲೇ ಐತಿ, ಹತ್ತು ಮಿನಿಟು.”

“ನೀಟ ಎಲ್ಲಿಂದ ಹೋಗ್ತಾರೋ ಮಾರಾಯಾ, ಎಡಕ್ಕ ಹೊಳ್ಳಬೇಕಲ್ಲ!” ಎಂದರು ಪಕ್ಕದವರು.

“ನೀಟ ಹೋಗೇ ಎಡಕ್ಕ ಹೊಳ್ಳಬೇಕು. ನಾ ಏನ ಬ್ಯಾರೆ ಹೇಳೀನಿ?”

ಇಲ್ಲಿ ಶ್ರುತಿವಿರೋಧವಿಲ್ಲ. ಒಬ್ಬರ ಮನಸ್ಸಿನಲ್ಲಿ ಗುಡ್ಡದ ಕಾಲುದಾರಿ, ಇನ್ನೊಬ್ಬರ ಮನಸ್ಸಿನಲ್ಲಿ ಡಾಂಬರು ರಸ್ತೆ. ಆಪ್ತರಲ್ಲಿ ಬಸ್ ಕಂಡಕ್ಟರ್ ಉತ್ತಮ, ಚಹಾದಂಗಡಿಯವರು ಮಧ್ಯಮ, ಟೋಪಿ ಹಾಕಿ ಕ್ಯಾಮೆರಾ ತೂಗುಹಾಕಿಕೊಂಡ ಸಹಪ್ರವಾಸಿ ಅಧಮ. ಒಬ್ಬರನ್ನು ಕೇಳಿದ ಮೇಲೆ ಇನ್ನೊಬ್ಬರನ್ನೂ ಕೇಳಬೇಕು, ಆದರೆ ಮೊದಲಿನವರ ಕಿವಿಗೆ ಬೀಳದಷ್ಟು ದೂರ ಬಂದ ಮೇಲೆ.

೫. ಅರ್ಥಾಪತ್ತ್ಯಧಿಕರಣ
ಸೂತ್ರ: ಹತ್ತು ನಿಮಿಷವೆಂದರೆ ಯಾರ ಹತ್ತು ನಿಮಿಷ?

ಭಾಷ್ಯ: ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು. ಅಜ್ಜ ಹತ್ತು ಮಿನಿಟು ಎಂದರು, ಅಜ್ಜ ಸುಳ್ಳಾಡುವವರಲ್ಲ, ಅರ್ಧ ಗಂಟೆ ನಡೆದರೂ ಗುಡಿಯಿಲ್ಲ. ಆದ್ದರಿಂದ ಅದು ಮೊಮ್ಮಗನ ಬೈಕಿನ ಹತ್ತು ಮಿನಿಟು. ಮಲೆನಾಡಿನಲ್ಲಿ ‘ಆ ಗುಡ್ಡ ದಾಟಿದ್ರೆ ಆಯ್ತು’ ಎಂದಾಗ ಗುಡ್ಡದ ಹಿಂದೆ ಇನ್ನೊಂದು ಗುಡ್ಡವನ್ನು ಅರ್ಥಾಪತ್ತಿಯಿಂದಲೇ ತಿಳಿಯತಕ್ಕದ್ದು. ನಡೆದೋ ಗಾಡಿಯಲ್ಲೋ ಎಂದು ಕೇಳದೆ ನಿಮಿಷದ ಲೆಕ್ಕವನ್ನು ಒಪ್ಪಿಕೊಳ್ಳಬಾರದು. ಬೇಸಿಗೆಯ ಹಂಪಿಯಲ್ಲಿ ಬಂಡೆಗಳು ಬೆಳಿಗ್ಗೆ ಹತ್ತಕ್ಕೇ ಕಾಯತೊಡಗುವುದರಿಂದ, ಅಲ್ಲಿ ನೀರಿನ ಬಾಟಲಿಯಿಲ್ಲದೆ ಅರ್ಥಾಪತ್ತಿ ಮಾಡಲೇಬಾರದು.

೬. ಅನುಪಲಬ್ಧ್ಯಧಿಕರಣ
ಸೂತ್ರ: ಇಲ್ಲದ್ದೇ ಗುರುತು.

ಭಾಷ್ಯ: ‘ಮೊದಲು ಹುಣಸೇಮರ ಇತ್ತಲ್ಲ, ಅಲ್ಲಿ ತಿರುಗಿ’ ಎಂಬುದು ಹಳ್ಳಿಯ ಉದಾಹರಣೆ. ಪಟ್ಟಣದ್ದು ಇನ್ನೂ ಗಹನ. ಬೆಂಗಳೂರಿಗೆ ಬಸ್ಸಿನಲ್ಲಿ ಬಂದವರು ಹೆಚ್ಚಾಗಿ ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಹೆಸರು ಕೊಟ್ಟ ಟಾಕೀಸು ಅಲ್ಲಿಲ್ಲ. ಜಾಗ ಕೊಟ್ಟ ಧರ್ಮಾಂಬುಧಿ ಕೆರೆಯೂ ಇಲ್ಲ. ಇರುವ ಬೋರ್ಡನ್ನು ನಂಬಿ ಕೆಂಪೇಗೌಡ ನಿಲ್ದಾಣವೆಂದು ಕೇಳಿದರೆ, 2013ರಲ್ಲಿ ಅದೇ ಹೆಸರು ಪಡೆದ ವಿಮಾನ ನಿಲ್ದಾಣಕ್ಕೆ ಕಳಿಸಿಯಾರು. ನಡುವೆ 30 ಕಿ.ಮೀ.ಗೂ ಹೆಚ್ಚು ದೂರ. ಇರುವುದನ್ನು ಹೇಳಿ ದಾರಿ ತಪ್ಪುವುದಕ್ಕಿಂತ ಇಲ್ಲದ ಟಾಕೀಸನ್ನು ಹೇಳಿ ಮನೆ ಸೇರುವುದು ಲೇಸು.

ಪೂರ್ವಪಕ್ಷ ಮತ್ತು ಸಿದ್ಧಾಂತ

‘ಕೈಯಲ್ಲಿ ಮ್ಯಾಪ್ ಇರುವಾಗ ಇಷ್ಟೆಲ್ಲ ಏಕೆ?’ ಎಂದು ನವ್ಯರು ಆಕ್ಷೇಪಿಸುತ್ತಾರೆ. ಹಾಗಲ್ಲ. ಮ್ಯಾಪು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ; ಕಟ್ಟೆಯವರು ಕೇಳದ್ದಕ್ಕೂ ಕೊಡುತ್ತಾರೆ. ಇವತ್ತು ಶುಕ್ರವಾರ, ಕಮಲಾಪುರದ ಮ್ಯೂಸಿಯಂ ಬಂದ್. ಹೊಳೆಗೆ ನೀರು ಬಿಟ್ಟಾರ, ದೋಣಿ ಇಲ್ಲ. ಬಿಸಿಲಾಗ ಎಲ್ಲಿ ಹೊಂಟೀರಿ, ಚಹಾ ಕುಡೀರಿ. ಯಾವೂರು, ಮದುವಿ ಆಗೇತೇನು? ಕೊನೆಯ ಪ್ರಶ್ನೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಪ್ರವಾಸಿಗೆ ನೇರ ಉಪಯೋಗಕ್ಕೆ ಬರುವಂಥವು. ಆದ್ದರಿಂದ ಆರರಲ್ಲಿ ಶಬ್ದವೇ ಪ್ರಬಲ. ಮಿಕ್ಕ ಐದು ಆ ಶಬ್ದದ ಅರ್ಥ ಬಿಡಿಸಿಕೊಳ್ಳುವುದಕ್ಕೆ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರಿಗೆ ಕಿಟಕಿ ಸೀಟು, ಕಂಡಕ್ಟರರ ಬಳಿ ಚಿಲ್ಲರೆ, ಲಾಡ್ಜಿನಲ್ಲಿ ಬಿಸಿನೀರು ಲಭಿಸುತ್ತವೆ. ಓದದೆ ಹೊರಟವರಿಗೂ ಊರು ಸಿಗುತ್ತದೆ, ಹತ್ತು ನಿಮಿಷ ತಡವಾಗಿ. ಅದು ಯಾರ ಹತ್ತು ನಿಮಿಷವೆಂಬುದನ್ನು ಐದನೆಯ ಅಧಿಕರಣದಲ್ಲಿ ನೋಡುವುದು.