11ನೇ ಕಲಮಿನ ರಾಯರು

ಸಿಕಂದರಾಬಾದಿನ ಕನ್ನಡಿಗರಲ್ಲಿ ಇಂಥ ರಾಯರು ಬಡಾವಣೆಗೊಬ್ಬರಂತೆ ಸಿಗುತ್ತಾರೆ. ರೈಲ್ವೆ ಕಚೇರಿಯಾದ ರೈಲ್ ನಿಲಯದಲ್ಲಿ ಒಂದು ಆಯುಷ್ಯವೆಲ್ಲ ಫೈಲು ತಿರುವಿ, ನಿವೃತ್ತರಾಗಿ, ಮಾರೇಡ್‌ಪಲ್ಲಿಯ ಫ್ಲ್ಯಾಟಿನಲ್ಲಿ ಫೈಲಿಲ್ಲದೆ ಸೊರಗುತ್ತಿರುವಾಗ ಎದುರು ಮನೆಯ ತಾರಸಿಯ ನಾಯಿ ಅವರ ಕಣ್ಣಿಗೆ ಬೀಳುತ್ತದೆ. ಮೊಳದುದ್ದದ ಸರಪಳಿ, ಒಣಗಿದ ತಟ್ಟೆ, ಮೇ ತಿಂಗಳ ಬಿಸಿಲು. ರಾಯರ ಮುಖಕ್ಕೆ ಮತ್ತೆ ಕಳೆ ಬರುತ್ತದೆ.

ಪ್ರಾಣಿಪ್ರಿಯರೆಂದುಕೊಳ್ಳಬೇಡಿ. ಬೀದಿನಾಯಿ ಹತ್ತಿರ ಸುಳಿದರೆ ಕೊಡೆ ಬಿಚ್ಚುವ ಜೀವ ಅದು. ಅವರ ಪ್ರೀತಿಯೆಲ್ಲ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಮೇಲೆ, ಅದರಲ್ಲೂ 11ನೇ ಕಲಮಿನ ಮೇಲೆ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಅನ್ನ ನೀರು ನೆರಳು ಕೊಡದಿರುವುದು ಎಲ್ಲ ಅಲ್ಲಿ ಅಪರಾಧ. ಫೋಟೋ ತೆಗೆಸಿ, ಬೆನ್ನಿಗೆ ತಾರೀಖು, ಗಂಟೆ, ಉಷ್ಣಾಂಶ ಬರೆದು ಠಾಣೆಗೆ ಹೊರಡುತ್ತಾರೆ. ಮೋಂಡಾ ಮಾರುಕಟ್ಟೆ ಹತ್ತಿರ ಅಪರೂಪಕ್ಕೆ ಕಬ್ಬಿಣದ ಸಲಾಕೆ ಹೇರಿದ ಎತ್ತಿನ ಬಂಡಿ ಕಂಡಿತೋ, ಮುಗಿಯಿತು. 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡಬಾರದೆಂಬ 1965ರ ನಿಯಮವನ್ನು ನಡುರಸ್ತೆಯ ಅದೇ ಬಿಸಿಲಲ್ಲಿ ಕಾಲು ಗಂಟೆ ವಿವರಿಸುತ್ತಾರೆ. ಎತ್ತುಗಳು ನೊಗ ಹೊತ್ತೇ ಕೇಳುತ್ತವೆ.

"ಮಳ್ಳೀ ವಚ್ಚಾರಾ ಸಾರ್?" (ಮತ್ತೆ ಬಂದಿರಾ?) ಎಂದು ಕಾನ್‌ಸ್ಟೇಬಲ್ಲು ಕುರ್ಚಿ ಎಳೆಯುತ್ತಾನೆ. ಅವನದೂ ತಪ್ಪಲ್ಲ. ನಾಯಿಯನ್ನು ಉಪವಾಸ ಕೆಡವುವುದು ಪೊಲೀಸರು ತಾವಾಗಿ ಕೈಹಾಕಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ; ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಬಿಟ್ಟಾರೆಯೇ ರಾಯರು? ರಾಜ್ಯಸಭೆಯಲ್ಲಿ ರುಕ್ಮಿಣಿದೇವಿ ಅರುಂಡೇಲ್ ಖಾಸಗಿ ಮಸೂದೆ ತಂದಲ್ಲಿಂದ ಶುರುಮಾಡುತ್ತಾರೆ. "ಭರತನಾಟ್ಯದವರಯ್ಯಾ!" ಅಂದಾಗ ಪೇದೆ ಪೆನ್ನು ತೆರೆದು, "ಡ್ಯಾನ್ಸ್ ಕೇಸಾ ಸಾರ್?" ಎನ್ನುತ್ತಾನೆ. ಅಲ್ಲಿಂದ ಮುಂದೆ, ಗಲ್ಲಿ ಪಾಲಿಕೆಯದೋ ಕಂಟೋನ್ಮೆಂಟಿನದೋ ಎಂಬ ವ್ಯಾಜ್ಯ. ನಾಯಿಗೆ ಅದು ಗೊತ್ತಿಲ್ಲ.

ಇಷ್ಟೆಲ್ಲ ಗೆದ್ದರೂ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ದಶಕಗಳಿಂದ ಹಾಗೇ ಇದೆ. ಪ್ಯಾರಡೈಸ್ ಸರ್ಕಲ್ಲಿನಲ್ಲಿ ಇಬ್ಬರು ಇರಾನಿ ಚಾಯ್ ಕುಡಿದು ಉಸ್ಮಾನಿಯಾ ಬಿಸ್ಕತ್ತು ಅದ್ದುವಷ್ಟರಲ್ಲಿ ಕರಗುವ ಮೊತ್ತ. (ಪಾರ್ಲಿಮೆಂಟಿಗೆ ಹಾಸ್ಯಪ್ರಜ್ಞೆ ಇಲ್ಲವೆನ್ನುವವರು ಈ ಕಲಂ ಓದಬೇಕು.)

ಆದರೆ ಕಾಯ್ದೆಯಲ್ಲಿ ಬರೆಯದ ಶಿಕ್ಷೆಯೊಂದಿದೆ: ಖುದ್ದು ರಾಯರು. ನಾಯಿಯ ಒಡೆಯನ ಸೋಫಾದಲ್ಲಿ ಕೂತು, ಕಾಫಿ ತರಿಸಿಕೊಂಡು ಕುಡಿದು, ಕಲಮನ್ನು ಇಂಗ್ಲಿಷಿನಲ್ಲಿ ಓದಿ ತೆಲುಗಿನಲ್ಲಿ ಅರ್ಥ ಹೇಳುತ್ತಾರೆ. ಅತ್ತೆಯವರು ಬಂದರೆ ಮೊದಲಿನಿಂದ. ಒಡೆಯ ಹೊತ್ತು ನೋಡಿದರೆ ಅದನ್ನೂ ಬರೆದುಕೊಳ್ಳುತ್ತಾರೆ. ಇಂಥ ಎರಡು ಮೂರು ಭೇಟಿಯಾಗುವಷ್ಟರಲ್ಲಿ ತಾರಸಿಗೆ ತಗಡಿನ ನೆರಳು, ಬಕೆಟ್ಟು ತುಂಬ ನೀರು, ಸಂಜೆ ನಾಯಿಗೆ ವಾಕಿಂಗು. ಠಾಣೆಯ ಮುದ್ರೆ ಎಲ್ಲೂ ಬಿದ್ದಿರುವುದಿಲ್ಲ.

ರಾಯರಿಗೆ ಮಾತ್ರ ಸೂತಕ. ಫೈಲು ಮುಗಿಯಿತಲ್ಲ! ಎರಡು ದಿನ ಅನ್ನ ರುಚಿಸುವುದಿಲ್ಲ. ಮೂರನೆಯ ದಿನ ಪಕ್ಕದ ಗಲ್ಲಿಯಲ್ಲಿ ಪಂಜರದ ಹಸಿರು ಗಿಳಿ. ಅದು 1972ರ ವನ್ಯಜೀವಿ ಕಾಯ್ದೆ. ಬೇರೆ ಕಲಂ, ಬೇರೆ ಇಲಾಖೆ! ಚಪ್ಪಲಿ ಮೆಟ್ಟುತ್ತಲೇ ಕೂಗುತ್ತಾರೆ: "ಲೇ, ಸೈಫಾಬಾದಿನ ಅರಣ್ಯ ಭವನಕ್ಕೆ ಯಾವ ಬಸ್ಸೇ?"

ಒಳಗಿನಿಂದ ಉತ್ತರ: "ಮೂರು ಗಂಟೆ ಹೊಡೀಲಿ ತಡೀರಿ. ಈ ಬಿಸಿಲಲ್ಲಿ ಎತ್ತನ್ನೇ ಹೊರಡಿಸೋ ಹಾಗಿಲ್ವಂತೆ."