ಆವಾಜು ಆಗಾಗ ಹೋಗುತ್ತಿರಲಿ: ಗೃಹಸ್ಥರಿಗೊಂದು ಕೈಪಿಡಿ

ಮೊದಲು ಇಷ್ಟು ತಿಳಿದುಕೊಳ್ಳಿ. ಟಿವಿಯ ಆವಾಜು ಪೂರ್ತಿ ಹೋದರೆ ಯಾರಾದರೂ ಬಂದು ಸರಿ ಮಾಡಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಹೋಗಿ, ಬಂದು, ಮತ್ತೆ ಹೋದರೆ ಮಾತ್ರ ಅದು ಮನೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಅಕ್ಕಲಕೋಟೆ ತಾಲೂಕಿನ ಚಪಳಗಾಂವದಂಥ ಗಡಿಯೂರಿನಲ್ಲಿ, ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ವೈಫೈ ಡಬ್ಬಿ ಎಲ್ಲವನ್ನೂ ಒಂದೇ ಗೂಡಿನಲ್ಲಿ ತುರುಕಿದ ಮನೆಯಲ್ಲಿ ಇದನ್ನು ಸಾಧಿಸುವುದು ಕಷ್ಟವೇನಲ್ಲ. ಕ್ರಮ ತಪ್ಪಬಾರದು, ಅಷ್ಟೇ.

ಕೇಬಲ್‌ನಿಂದ ಶುರು ಮಾಡಿ. ಆಪ್ಟಿಕಲ್ ಕೇಬಲ್ ಕೊಳ್ಳಿ. 1983ರಲ್ಲಿ ತೋಷಿಬಾದವರು ಹೊರತಂದ ಈ ಏರ್ಪಾಟಿನಲ್ಲಿ ಆವಾಜು ಕೆಂಪು ಬೆಳಕಾಗಿ ಒಂದು ಪ್ಲಾಸ್ಟಿಕ್ ಎಳೆಯೊಳಗೆ ಓಡುತ್ತದೆ. ಬೆಳಕಿಗೆ ಬಿಗಿ ತಿರುವು ಒಗ್ಗದು. ಆದ್ದರಿಂದ ಹೆಚ್ಚಾದ ಉದ್ದವನ್ನು ಗಟ್ಟಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಟಿವಿಯ ಹಿಂದಿನ ಮೊಳೆಗೆ ತೂಗುಬಿಡಿ. ಆಮೇಲೆ ಟಿವಿಯನ್ನು ಗೋಡೆಗೆ ಒತ್ತಿ. ಹೊಸ ಕೇಬಲ್‌ನ ತುದಿಗೆ ಉಗುರಿನಷ್ಟು ಚಿಕ್ಕದೊಂದು ಪಾರದರ್ಶಕ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒಳಗೆ ನೂಕಿ ನೋಡಿ. ಹೋಗದಿದ್ದರೆ ಇನ್ನೂ ಜೋರಾಗಿ ನೂಕಿ. ತೂತಿನ ಬಾಯಿಗಿರುವ ಪುಟ್ಟ ಮುಚ್ಚಳ ಮುರಿದರೆ ಒಳ್ಳೆಯದೇ, ಬೇಸಿಗೆಯಲ್ಲಿ ಎರೆಹೊಲದ ಧೂಳು ನೇರ ಒಳಗೆ ಹೋಗಲು ದಾರಿಯಾಯಿತು.

ಇಷ್ಟಕ್ಕೆ ಆವಾಜು ಕಟ್ಟಾಗತೊಡಗಿದರೆ ಸೊಲ್ಲಾಪುರಕ್ಕೆ ಹೋಗಿ, ತುದಿಗೆ ಚಿನ್ನದ ಲೇಪ ಇರುವ ಆಪ್ಟಿಕಲ್ ಕೇಬಲ್ಲೇ ಬೇಕೆಂದು ಹಟ ಹಿಡಿಯಿರಿ. ಬೆಳಕಿಗೆ ಚಿನ್ನದಿಂದ ಏನೂ ಆಗಬೇಕಾಗಿಲ್ಲ. ಆದರೆ ದುಬಾರಿ ಕೇಬಲ್ ತಂದ ಮೇಲೆ ಅದರ ಮೇಲೆ ಸಂಶಯ ಪಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹೀಗೆ ಸಂಶಯಿಸಬೇಕಾದ ಮೊದಲ ವಸ್ತುವೇ ಪಟ್ಟಿಯಿಂದ ಹೊರಗುಳಿಯಿತು.

ಹಳೆಯ ರೇಡಿಯೊದಿಂದ ಕಲಿತದ್ದನ್ನೆಲ್ಲ ಇಲ್ಲೂ ನಂಬಿ. ಅದು ಕೆಡುವ ಮುಂಚೆ ಗೊರಗೊರ ಅನ್ನುತ್ತಿತ್ತು, ಕಿವಿ ಹಿಂಡಿದರೆ ದಾರಿಗೆ ಬರುತ್ತಿತ್ತು. ಡಿಜಿಟಲ್‌ಗೆ ಆ ಸೌಜನ್ಯವಿಲ್ಲ. ಬರುವ ಲೆಕ್ಕ ಒಂದಿಷ್ಟು ತಪ್ಪಿದರೂ ಹೇಗೋ ಹೊಂದಿಸಿಕೊಂಡು ಹಾಡುತ್ತದೆ, ಮಿತಿ ಮೀರಿತೋ, ಬಾಯಿ ಮುಚ್ಚಿಬಿಡುತ್ತದೆ. ಗೊರಗೊರ ಕೇಳುತ್ತಿಲ್ಲವಲ್ಲ, ಹಾಗಾದರೆ ಕೇಬಲ್ ಚೆನ್ನಾಗಿಯೇ ಇದೆ ಎಂದು ತೀರ್ಮಾನಿಸಿ, ಸೌಂಡ್‌ಬಾರ್‌ನ ನೆತ್ತಿಗೆ ಒಂದು ಬಿಡಿ.

ಸೆಟ್ಟಿಂಗ್‌ಗೆ ಬನ್ನಿ. ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ‘ಆಟೊ’ ಇರಲಿ. ಒಂದು ಚಾನೆಲ್ ಡಾಲ್ಬಿ ಕಳಿಸುತ್ತದೆ, ಇನ್ನೊಂದು ಸಾದಾ ಸ್ಟೀರಿಯೊ. ಪ್ರತಿ ಸಲವೂ ಸೌಂಡ್‌ಬಾರ್ ತಡೆದು, ಹೊಸದನ್ನು ಗುರುತು ಹಿಡಿದು, ಆಮೇಲೆ ಮಾತಾಡುತ್ತದೆ. ಸಿಡಿಯದು ಸೆಕೆಂಡಿಗೆ 44,100 ಮಾದರಿ, ಟಿವಿಯದು 48,000. ಒಂದರಿಂದ ಇನ್ನೊಂದಕ್ಕೆ ಹಾರಿದಾಗಲೂ ಅದೇ ತಡವರಿಕೆ. ಎಲ್ಲವನ್ನೂ ಸಾದಾ ಸ್ಟೀರಿಯೊ ಮಾಡಿಯೇ ಕಳಿಸುವ ‘ಪಿಸಿಎಂ’ ಎಂಬ ಆಯ್ಕೆ ಕಣ್ಣಿಗೆ ಬಿದ್ದರೆ ಮುಟ್ಟಬೇಡಿ, ಡಾಲ್ಬಿಯಿಂದ ಸ್ಟೀರಿಯೊಕ್ಕೆ ಹಾರುವ ತಡವರಿಕೆ ಅಲ್ಲಿಗೇ ನಿಂತುಬಿಟ್ಟೀತು.

‘ಆಟೊ ಸ್ಟ್ಯಾಂಡ್‌ಬೈ’ ಎಂಬುದನ್ನು ಮಾತ್ರ ಜೋಪಾನವಾಗಿ ಕಾಯ್ದುಕೊಳ್ಳಿ. ಖಾಲಿ ಬಿದ್ದ ಯಂತ್ರ ತಾನೇ ಮಲಗಬೇಕೆಂದು ಯುರೋಪಿನವರು 2013ರಿಂದ ಕಡ್ಡಾಯ ಮಾಡಿದರು. ಆ ನಿದ್ದೆಯ ಅಭ್ಯಾಸ ಈಗ ನಮ್ಮ ಗೂಡಿಗೂ ಬಂದಿದೆ. ಸಣ್ಣ ಆವಾಜಿಗೆ ಕೆಲವು ಸ್ಪೀಕರ್‌ಗಳು ಏಳುವುದೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಹಚ್ಚಿ: ತಂಬೂರಿ ಹೋಯಿತು, ಮೊದಲ ಷಡ್ಜ ಹೋಯಿತು, ಸ್ಪೀಕರ್ ಕಣ್ಣು ಬಿಡುವಷ್ಟರಲ್ಲಿ ಹಾಡು ಅರ್ಧ ದಾರಿಯಲ್ಲಿ. ಅಜ್ಜ “ಯಾಕ ತಮ್ಮಾ, ಸುಮ್ಮಾಗ್ಯಾರ?” ಎಂದು ಕೇಳಿದರೆ “ಅದು ಖಾಲಿ ಅಜ್ಜಾ, ತಾಳದಾಗ ಬರ್ತದ” ಎಂದು ಹೇಳಿ. ಅಜ್ಜ ತಬಲಾ ಬಲ್ಲವರಾಗಿದ್ದರೆ ಈ ಉಪಾಯ ಬೇಡ.

ಬ್ಲೂಟೂತ್ ಇಷ್ಟವಾದರೆ ಸೌಂಡ್‌ಬಾರ್‌ನ ಮೇಲೆಯೇ ವೈಫೈ ಡಬ್ಬಿ ಕೂಡಿಸಿ. ಇಬ್ಬರೂ 2.4 ಗಿಗಾಹರ್ಟ್ಸ್‌ನ ಓಣಿಯಲ್ಲೇ ಓಡಾಡುವವರು, ತಳ್ಳಾಟ ತಾನಾಗಿಯೇ ಆಗುತ್ತದೆ. ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟು ಎಮ್ಮೆಗೆ ಮೇವು ಹಾಕಲು ಹೋಗಿ. ಮೈಯಲ್ಲಿರುವ ನೀರು ಈ ತರಂಗವನ್ನು ಹೀರುತ್ತದೆ, ಹಾಗಾಗಿ ಸ್ಪೀಕರ್‌ಗೆ ಬೆನ್ನು ಮಾಡಿ ನಿಲ್ಲುವುದು ಉತ್ತಮ. ಬೆನ್ನಿಗೆ ಎಮ್ಮೆಯೂ ಸೇರಿದರೆ ಫಲ ಖಾತ್ರಿ.

ಸಂಜೆ ಮಾಳಿಗೆಯ ಟಾಕಿಗೆ ನೀರೇರಿಸುವ ಮೋಟರ್ ಚಾಲೂ ಮಾಡಿ. ಮೋಟರ್ ಎದ್ದ ಕ್ಷಣ ವೋಲ್ಟೇಜು ಕುಸಿದು, ಸೆಟ್‌ಟಾಪ್ ಬಾಕ್ಸ್ ಮೊದಲಿಂದ ಶುರುವಾಗುತ್ತದೆ. ಮೋಟರ್ ಹಚ್ಚಿದ ಹೊತ್ತು, ಆವಾಜು ಹೋದ ಹೊತ್ತು, ಎರಡನ್ನೂ ಎಲ್ಲೂ ಬರೆದಿಡಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯಿರಿ, ಇದನ್ನಲ್ಲ. ಒಂದು ವಾರ ಬರೆದಿಟ್ಟರೆ ಕಾರಣ ತಾನೇ ಹೊರಗೆ ಬರುತ್ತದೆ. ಆಮೇಲೆ ಬೈಯಲು ಯಾರೂ ಉಳಿಯುವುದಿಲ್ಲ.

ಬೈಗುಳಕ್ಕೂ ಕ್ರಮವಿದೆ. ಕನ್ನಡ ಹಾಡಿನ ನಡುವೆ ಆವಾಜು ಹೋದರೆ ಮಹಾರಾಷ್ಟ್ರವನ್ನು ಬೈಯಿರಿ, ಮರಾಠಿ ಧಾರಾವಾಹಿಯ ನಡುವೆ ಹೋದರೆ ಕರ್ನಾಟಕವನ್ನು. ಎರಡೂ ಭಾಷೆ ಆಡುವ ಮನೆಗೆ ಈ ಅನುಕೂಲ ಇದ್ದೇ ಇದೆ. ಬೇಗ ಪರಿಹಾರವಾಗಲಿ ಎಂದು ಅವಸರ ಮಾಡುವವರಿಗೆ, ಗಡಿ ವಿವಾದದಲ್ಲಿ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ವರದಿ ಬಂದದ್ದು 1967ರಲ್ಲಿ, ಊರು ಇನ್ನೂ ಮಹಾರಾಷ್ಟ್ರದಲ್ಲೇ ಇದೆ ಎಂದು ನೆನಪಿಸಿ.

ಕೊನೆಗೂ ರಿಪೇರಿಯವನನ್ನು ಕರೆಯಬೇಕಾಗಿ ಬಂದರೆ, ಅವನು ಬರುವ ಮುಂಚೆ ಟಿವಿಯನ್ನು ಎಳೆದು, ಧೂಳು ಒರೆಸಿ, ಎಲ್ಲ ಕೇಬಲ್ ಕಿತ್ತು ಮತ್ತೆ ಚುಚ್ಚಿಡಿ. ಅವನ ಎದುರಿಗೆ ಎಲ್ಲ ಸರಿಯಾಗಿ ಹಾಡುತ್ತದೆ. “ಬರಾಕತ್ತೈತಲ್ರೀ ಕಾಕಾ ಆವಾಜು!” ಎಂದು ಅವನು ಚಹಾ ಕುಡಿದು, ಬಂದ ಖರ್ಚು ತೆಗೆದುಕೊಂಡು ಹೋಗುತ್ತಾನೆ. ಅವನ ಮೋಟರ್‌ಸೈಕಲ್ ಓಣಿ ದಾಟುವವರೆಗೆ ಟಿವಿಯನ್ನು ಮತ್ತೆ ಗೋಡೆಗೆ ಒತ್ತಬೇಡಿ.

ಊರಿಂದ ಬಂದ ಅಳಿಯ ಕೇಬಲ್ ಒಂದನ್ನೇ ಬದಲಿಸಿ, ಒಂದು ದಿನ ಕಾದು ನೋಡೋಣ ಎಂದಾನು. ಬಿಡಬೇಡಿ. ಕೇಬಲ್, ಪೋರ್ಟು, ಸೆಟ್ಟಿಂಗ್, ಪ್ಲಗ್ಗು ನಾಲ್ಕನ್ನೂ ಒಮ್ಮೆಗೇ ಬದಲಿಸಿ. ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಯಾರಿಗೂ ತಿಳಿಯಬಾರದು. ತೆಗೆದ ಹಳೆಯ ಕೇಬಲನ್ನು ಬಿಸಾಡಬೇಡಿ. ಗುರುತು ಹಾಕದೆ, ಒಳ್ಳೆಯ ಕೇಬಲ್‌ಗಳಿರುವ ಚೀಲದಲ್ಲೇ ಹಾಕಿಡಿ. ಮುಂದೆ ಬೇಕಾಗುತ್ತದೆ.