ಹಕ್ಕಿ ಸಾಹೇಬರು ಹೆಣ್ಣು ನೋಡಿದ್ದು

ಹೆಗ್ಗಡದೇವನಕೋಟೆ ಕಡೆ ಜೂ ಕೆಲಸಕ್ಕೆ ಕಿಮ್ಮತ್ತಿಲ್ಲ. ರಾತ್ರಿಯೆಲ್ಲ ಅಟ್ಟಣೆಯಲ್ಲಿ ಕೂತು ತಮಟೆ ಬಡಿದು ಆನೆ ಓಡಿಸುವವರಿಗೆ, ಟಿಕೆಟ್ ಕೊಟ್ಟು ಆನೆ ನೋಡುವ ಜಾಗದ ಮೇಲೆ ಗೌರವ ಎಲ್ಲಿಂದ ಬರಬೇಕು? ಅದರಲ್ಲೂ ನಾನು ಹಕ್ಕಿ ವಿಭಾಗದ ಮುಖ್ಯಸ್ಥ. ಹುಲಿಯಾಗಿದ್ದರೆ ಒಂದು ಮಾತು. "ಹೊಲದಲ್ಲಿ ಗಿಳಿ ಓಡ್ಸೋಕೆ ನಾವು ಕೂಲಿ ಕೊಡ್ತೀವಿ, ಇವನಿಗೆ ಗಿಳಿ ಮೇಯ್ಸೋಕೆ ಸಂಬಳ ಕೊಡ್ತಾರೆ" ಎಂಬುದು ನನ್ನ ಸೋದರಮಾವ ಊರಿಡೀ ಮಾಡಿದ ಪ್ರಚಾರ.

ಆ ಮಾವನೇ ಅಂತರಸಂತೆ ಕಡೆಯ ಹಳ್ಳಿಗೆ ಹೆಣ್ಣು ನೋಡಲು ಕರೆದೊಯ್ದ. "ಜೂನಲ್ಲಿ ದೊಡ್ಡ ಸಾಹೇಬ್ರು" ಎಂದಷ್ಟೇ ಹೇಳಿಟ್ಟಿದ್ದ. ಅಲ್ಲಿಯವರಿಗೆ ಜೂ ಎಂದರೆ 1892ರಲ್ಲಿ ಹತ್ತನೇ ಚಾಮರಾಜ ಒಡೆಯರು ಮಾಡಿಸಿದ ಮೈಸೂರಿನದೊಂದೇ. ನನ್ನದು ಬೇರೆ ಊರಿನದು ಎಂದಾಗಲೇ ಹುಡುಗಿಯ ತಂದೆಯ ಮುಖ ಅರ್ಧ ಇಳಿಯಿತು.

"ಏನೇನ್ ಸಾಕಿದ್ದೀರಿ?"

"ರಣಹದ್ದು," ಎಂದೆ. ಮಾವ ತೊಡೆ ಚಿವುಟಿದ. ಶುಭಕಾರ್ಯದಲ್ಲಿ ಆಡುವ ಹೆಸರಲ್ಲ. ಆದರೆ ನನಗೆ ಬಾಯಿ ಬಂದಾಗಿತ್ತು. ಕಬಿನಿ ಹಿನ್ನೀರಿನ ಮೇಲೆ ಈಗಲೂ ಹಾರುತ್ತವಲ್ಲ, ಅವೇ. ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು, ಸತ್ತ ದನದ ಮಾಂಸದೊಂದಿಗೆ ಅವುಗಳ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು ದೇಶದ ತುಂಬ ಸತ್ತವು. 2006ರಲ್ಲಿ ಅದನ್ನು ದನಕ್ಕೆ ಕೊಡದಂತೆ ಸರ್ಕಾರ ನಿಷೇಧಿಸಿತು. ಸಾಕಿ ಸಂಖ್ಯೆ ಹೆಚ್ಚಿಸೋಣವೆಂದರೆ ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಇಷ್ಟನ್ನೂ ಕೇಸರಿಬಾತ್ ಆರುವ ತನಕ ವಿವರಿಸಿದೆ.

"ವರ್ಸಕ್ಕೊಂದೇ ಮೊಟ್ಟೆಯಾ? ಅಂಥದ್ನ ಯಾಕ್ ಸಾಕೀರಿ ಬುದ್ಧಿ?"

ಮಾತು ತಿರುಗಿಸಲು ಮಾವ, "ಹೆಂಡ್ತಿನ ಚೆನ್ನಾಗ್ ನೋಡ್ಕೊತಾನೆ" ಎಂದ. "ಮಂಗಟ್ಟೆ ಹಕ್ಕಿ ಥರ," ಎಂದೆ ಹುರುಪಿನಿಂದ. ಹೆಣ್ಣು ಪೊಟರೆ ಸೇರಿ, ತನ್ನ ಹಿಕ್ಕೆಯಿಂದಲೇ ಬಾಯಿ ಮೆತ್ತಿಕೊಂಡು, ಕೊಕ್ಕು ತೂರುವಷ್ಟೇ ಕಿಂಡಿ ಬಿಟ್ಟುಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಉಣಿಸುತ್ತದೆ.

"ಮಗೀನ ಆಚೆಗೇ ಬಿಡಕ್ಕಿಲ್ವಾ?" ಒಳಗಿನಿಂದ ತಾಯಿಯ ದನಿ.

ಅಷ್ಟಾದರೂ ಉಣ್ಣಿಸದೆ ಕಳಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ನಾಟಿಕೋಳಿ ಹಿಡಿಯಲು ಹೊರಟ ಹುಡುಗನನ್ನು ಮಾವ ತಡೆದ: "ನಮ್ ಸಾಹೇಬ್ರು ಇರೋವಾಗ ನೀನ್ಯಾಕ್ಲಾ?" ನಾನು ಟವಲ್ ಕೇಳಿದೆ. ಕಣ್ಣಿಗೆ ಕತ್ತಲಾದರೆ ಹಕ್ಕಿ ತಣ್ಣಗಾಗುತ್ತದೆ. ಎದೆ ಮಾತ್ರ ಅದುಮಬಾರದು, ಅದಕ್ಕೆ ನಮ್ಮಂತೆ ವಪೆಯಿಲ್ಲ, ಎದೆಗೂಡು ಆಡಿದರೇ ಉಸಿರು ಎಂದು ನೆರೆದವರಿಗೆ ತಿಳಿಹೇಳಿದೆ. ಸಾರಿಗೆ ಹೋಗುವ ಕೋಳಿಯ ಉಸಿರಿನ ಬಗ್ಗೆ ಇಷ್ಟು ಕಾಳಜಿಯನ್ನು ಆ ಹಟ್ಟಿ ಕಂಡಿರಲಿಲ್ಲ. ಅಷ್ಟರಲ್ಲಿ ಕೋಳಿ ಹುಲ್ಲಿನ ಮೆದೆ ಏರಿತು. ನಾನೂ ಏರಿದೆ. ಕೋಳಿ ಹೆಂಚಿಗೆ ಹಾರಿತು, ಮೆದೆ ನನ್ನೊಂದಿಗೆ ಕೆಳಗೆ ಜಾರಿತು. ಟವಲ್ ಬಿದ್ದದ್ದು ಮಾವನ ತಲೆ ಮೇಲೆ. ಕಣ್ಣಿಗೆ ಕತ್ತಲಾದರೂ ಆತ ತಣ್ಣಗಾಗಲಿಲ್ಲ.

ಕೊನೆಗೆ ಮುದ್ದೆಗೆ ಮೊಟ್ಟೆ ಸಾರಾಯಿತು. ಅಲ್ಲಿಯವರೆಗೆ ತುಟಿ ಬಿಚ್ಚದ ಹುಡುಗಿ ಸೌಟು ಹಿಡಿದು ನನ್ನೆದುರು ನಿಂತಳು.

"ಇನ್ನೊಂದು ಹಾಕಿಸ್ಕೊಳ್ಳಿ. ನಮ್ದು ರಣಹದ್ದಲ್ಲ."